ಎರಡು ಬಗೆಯ ದಮ್ಮು

ಆ ಕಪ್ಪು ಮಾಸ್ಕ್ ಮನೆಗೆ ಬಂದಂದಿನಿಂದ ಪ್ರಭಾವತಿಯ ಕಣ್ಣು ಒಣಹಾಕಿದ ಮೀನಿನ ಮೇಲಿರಲಿಲ್ಲ. ಕೋಡಿ ಊರಿನ ಕಾಗೆಗಳಿಗೆ ಹಬ್ಬ. ಅವಳು ನೋಡುತ್ತಿದ್ದದ್ದು ಕಡಲತಡಿಯಲ್ಲಿ ಓಡುವ ಮಗಳು ಅನಿಷಾಳನ್ನು.

ಮಾಸ್ಕ್ ರಬ್ಬರಿನದು. ಮೂಗು, ಬಾಯಿ ಎರಡನ್ನೂ ಮುಚ್ಚಿ, ಸಣ್ಣ ತೂತುಗಳಲ್ಲಿ ಇಷ್ಟಿಷ್ಟೇ ಗಾಳಿ ಬಿಡುತ್ತಿತ್ತು. ಕಬಡ್ಡಿ ಕಲಿಸುವ ಜಿತೇಂದ್ರ ತಂದುಕೊಟ್ಟದ್ದು. "ಇದನ್ ಹಾಯ್ಕಂಡ್ ಓಡ್ರೆ ದಮ್ಮು ಬತ್ತ್ ಅಕ್ಕ," ಎಂದಿದ್ದ.

ದಮ್ಮು ಎಂದರೆ ಪ್ರಭಾವತಿಗೆ ಗೊತ್ತಿದ್ದದ್ದು ತನ್ನಪ್ಪನ ಉಬ್ಬಸದ ಕಾಯಿಲೆ. ಗೋಡೆಗೊರಗಿ, ಭುಜ ಎತ್ತೆತ್ತಿ, ಉಸಿರಿಗಾಗಿ ಒದ್ದಾಡಿಯೇ ಅವರು ಹೋದದ್ದು. ಅದನ್ನು ಬೇಕೆಂದು ಬರಿಸಿಕೊಳ್ಳುವವರೂ ಉಂಟೇ?

"ಆ ದಮ್ಮಲ್ಲ ಅಮ್ಮ, ಇದ್ ತಾಕತ್ತಿನ ದಮ್ಮು!" ಅನಿಷಾ ನಕ್ಕಿದ್ದಳು. "ಆದಿತ್ಯವಾರ ಬ್ರಹ್ಮಾವರದಲ್ಲ್ ಸೆಲೆಕ್ಷನ್. ರೈಡಿಗೆ ಹೋಪತಿಗೆ ಉಸ್ರ್ ನಿಲ್ಕ್."

"ಉಸ್ರ್ ನಿಲ್ಕಾ? ಬಿಡ್ತು ಅನ್!" ಉಸಿರು ನಿಲ್ಲಬೇಕು ಎಂಬ ಮಾತಿಗೇ ಪ್ರಭಾವತಿ ಗದರಿದ್ದಳು.

ಕೊಟ್ಟವನು ತಾನೇಕೆ ಅದನ್ನು ಹಾಕಿಕೊಳ್ಳುವುದಿಲ್ಲ? ಮೊದಲೆಲ್ಲ ಮಗುಚಿಟ್ಟ ದೋಣಿಯವರೆಗೆ ನಿಲ್ಲದೆ ಓಡುತ್ತಿದ್ದವಳು ಈಗ ಅರ್ಧಕ್ಕೇ ಮಂಡಿ ಹಿಡಿದು ಬಗ್ಗುತ್ತಾಳೆ. ಕೇಳಿದರೆ, ಕಷ್ಟ ಆದರೇ ಲಾಭವಂತೆ.

ಮಗಳು ಸ್ನಾನಕ್ಕೆ ಹೋದಾಗ ಪ್ರಭಾವತಿ ಮಾಸ್ಕ್ ಕಟ್ಟಿಕೊಂಡು ಬಾವಿಕಟ್ಟೆಗೆ ನಡೆದಳು. ತನ್ನದೇ ಬಿಸಿಯುಸಿರು ಮುಖಕ್ಕೆ ಬಡಿಯಿತು. ಎರಡನೇ ಕೊಡಪಾನ ಮೇಲೆ ಬರುವಷ್ಟರಲ್ಲಿ ಕಿವಿ ಗುಂಯ್ ಎಂದು, ಕೈ ಸೋತು, ಹಗ್ಗ ಜಾರಿತು.

"ಹ್ವಾಯ್! ನಿಮ್ದೂ ಸೆಲೆಕ್ಷನ್ನಾ?" ಬಾಗಿಲಲ್ಲಿ ಅನಿಷಾ.

ಪ್ರಭಾವತಿ ಮಾಸ್ಕ್ ಕಿತ್ತು ಏದುಸಿರುಬಿಟ್ಟಳು. "ಕಷ್ಟ ಆಯ್ತ್, ಸೈ. ನೀರೆಲ್ಲಿತ್? ಹಗ್ಗ ಎಳುದೇ ಕಮ್ಮಿ ಆರೆ ಕೈ ಗಟ್ಟಿ ಆಪುದ್ ಹ್ಯಾಂಗೆ ಮಗ?"

ಅನಿಷಾಳ ನಗು ನಿಂತಿತು.

"ನಾಳೆ ಒಂದಿನ ಇದಿಲ್ದೆ ಓಡ್. ನಾ ಕಾಂತೆ."

ಮರುದಿನ ಅನಿಷಾ ಬರಿಮುಖದಲ್ಲಿ ಹೊರಟಳು. ದೋಣಿ ದಾಟಿದಳು, ಗಾಳಿಮರಗಳನ್ನೂ ದಾಟಿ ಚುಕ್ಕಿಯಾದಳು. ಮರಳಿ ಬಂದು ಕಡಲತಡಿಯ ಹೊಯ್ಗೆಯ ಮೇಲೆ ಬಿದ್ದಾಗ ಮುಖ ಕೆಂಪು, ಎದೆ ಏರಿಳಿತ.

"ಅಮ್ಮ, ದಮ್ಮು ಕಂಡ್ಯಾ?"

ಪ್ರಭಾವತಿ ನೋಡುತ್ತಿದ್ದದ್ದು ಮಗಳ ಭುಜಗಳನ್ನು. ಅವು ಏರಿದವು, ಇಳಿದವು, ಮತ್ತೆ ಏರಿದವು. ಕೊನೆಗೆ ಮೆಲ್ಲಗೆ, ತಮ್ಮಷ್ಟಕ್ಕೆ, ಹದಕ್ಕೆ ಬಂದವು.

"ಕಂಡೆ," ಎಂದಳು.

ಆದರೂ ಆದಿತ್ಯವಾರ ಬ್ರಹ್ಮಾವರದ ಬಸ್ಸು ಬರುವ ಮೊದಲು, ಚಪಾತಿ ಕಟ್ಟಿಡುವ ನೆಪದಲ್ಲಿ, ಮಾಸ್ಕ್ ಇಲ್ಲ ತಾನೇ ಎಂದು ಮಗಳ ಬ್ಯಾಗಿನ ತಳದವರೆಗೂ ಕೈಯಾಡಿಸಿ ನೋಡಿದಳು.