ಕಾಡುಕೋಣದ ಒಳಗಿನ ಹಲ್ಲು

ನಾನು ಒಂದು ಮುಖವಾಡ. ಬುರ್ಕಿನಾ ಫಾಸೊ ದೇಶದ ಪಶ್ಚಿಮಕ್ಕಿರುವ ಬ್ವಾ ಎಂಬ ಜನರ ಒಂದು ಹಳ್ಳಿಯಲ್ಲಿ, ಹಸಿ ಬೂರುಗದ ಮರದಿಂದ ನನ್ನನ್ನು ಕೆತ್ತಿದರು. ಬಾಗಿದ ಕೊಂಬು, ದುಂಡು ಕಣ್ಣು, ಉದ್ದ ಮೂತಿ. ಕಾಡುಕೋಣ.

ಮೊದಲು ನಾನು ಬರೀ ಮರ. ಕೋಳಿಯ ರಕ್ತ ಚಿಮುಕಿಸಿ ಹಿರಿಯರು ಕಾಡಿನ ಕೋಣವನ್ನು ಕರೆದರು. ಅದು ನನ್ನೊಳಗೆ ಬಂತು ಎಂದರು. ಹಿಂದೆ, ನನ್ನನ್ನು ಕೆತ್ತಿಸಿದ ಮನೆತನದ ಮೂಲಪುರುಷ ದಾರಿತಪ್ಪಿ ಬಾಯಾರಿ ಬಿದ್ದಾಗ ಒಂದು ಕೋಣ ಅವನನ್ನು ನೀರಿನ ಬಳಿಗೆ ಕರೆದೊಯ್ದಿತ್ತಂತೆ. ಅಂದಿನಿಂದ ಇವರು ಅದರ ಮಾಂಸ ಮುಟ್ಟುವುದಿಲ್ಲ. ಮನೆಯಲ್ಲಿ ಯಾರಾದರೂ ಸತ್ತರೆ ಆತ್ಮವನ್ನು ಊರಾಚೆ ದಾಟಿಸುವ ಕೆಲಸವೂ ಕೋಣದ್ದೇ. ಅಂದರೆ ನನ್ನದು. ಒಳಗೆ ಬಂದದ್ದು ಏನೆಂದು ನನಗೆ ತಿಳಿಯಲಿಲ್ಲ. ನಾನು ಭಾರವಾದದ್ದು ಮಾತ್ರ ನಿಜ.

ನನ್ನನ್ನು ತಲೆಗೆ ಕಟ್ಟುವುದಿಲ್ಲ. ಒಳಗೊಂದು ದಪ್ಪ ಹಗ್ಗವಿದೆ. ಕುಣಿಯುವವನು ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯಬೇಕು. ಮೈತುಂಬ ಪುಂಡಿನಾರಿನ ಉಡುಪು. ಒಳಗಿರುವವನು ಯಾರೆಂದು ಹೆಂಗಸರಿಗೆ ತಿಳಿಯಬಾರದು. ತಿಳಿದಿದ್ದರೂ ಹೇಳಬಾರದು.

ಆ ಮನೆತನದ ದೋಫಿನಿ ನನ್ನನ್ನು ಬಹಳ ವರ್ಷ ಕುಣಿಸಿದ. ಅವನ ಮುಖಕ್ಕಿಂತ ಅವನ ಹಲ್ಲು ನನಗೆ ಹೆಚ್ಚು ಗೊತ್ತು. ಹುಳು ಸಾಯಲೆಂದು ಪ್ರತಿವರ್ಷ ನನ್ನನ್ನು ಕೆರೆಯ ಕೆಸರಿನಲ್ಲಿ ನೆನೆಹಾಕಿ, ಮತ್ತೆ ಕೆಂಪು, ಬಿಳಿ, ಕಪ್ಪು ಬಳಿಯುತ್ತಿದ್ದವನೂ ಅವನೇ.

ಅವನ ಅಣ್ಣ ಸತ್ತ. ಕೋಣ ಕುಣಿಯುವವರೆಗೆ ಅತ್ತಿಗೆ ಹಾನ್ತಾ ಸೂತಕದ ಮನೆ ಬಿಟ್ಟು ಹೊರಡುವಂತಿಲ್ಲ. ಆಚೆ ಊರಿನಲ್ಲಿ ಅವಳ ಮಗಳಿಗೆ ದಿನ ತುಂಬುತ್ತಿತ್ತು. ಚೊಚ್ಚಲು ಬೇರೆ.

ದೋಫಿನಿ ಕುಣಿತದ ದಿನವನ್ನು ಮುಂದೆ ತಳ್ಳಿದ. ನಾರು ಒಣಗಿಲ್ಲ ಎಂದ. ಆಮೇಲೆ, ಕೋಣ ಮುನಿಸಿಕೊಂಡಿದೆ, ಬರಲೊಲ್ಲದು ಎಂದ. ಹಿರಿಯರು ನಂಬಿದರು. ನನ್ನನ್ನು ಆ ವರ್ಷ ಎರಡನೇ ಸಲ ಕೆಸರಿಗೆ ಹಾಕಿದರು. ನಾನು ಮುನಿಸಿಕೊಂಡಿರಲಿಲ್ಲ. ಅವನ ಮುಂದಿನ ಹಲ್ಲು ಬಿದ್ದಿದ್ದವು, ಅಷ್ಟೇ.

ಒಂದು ಸಂಜೆ ಹಾನ್ತಾ ಅದೇ ಅಂಗಳದಲ್ಲಿದ್ದ ಅವನ ಬಾಗಿಲ ಹೊರಗೆ ನಿಂತು ಮಾತಾಡಿದಳು.

"ಮೈದುನ, ನಾನು ಹೆಂಗಸು. ಕೋಣದ ಒಳಗೆ ಯಾರಿರ್ತಾರೋ ನನಗೆ ಗೊತ್ತಿಲ್ಲ. ಗೊತ್ತಾಗೋದೂ ಬೇಡ. ಆದ್ರೆ ಈಚೆಗೆ ಯಾರು ಮಾಂಸ ಚೀಪಿ ಚೀಪಿ ತಟ್ಟೆಗೆ ವಾಪಸ್ ಇಡ್ತಾರೋ, ಅವರು ಹಗ್ಗಾನ ಬೇರೆ ಬಾಯಿಗೆ ಕೊಟ್ರೆ ನಾನು ಮಗಳ ಹತ್ರ ಹೋಗ್ತೀನಿ."

ಅವಳು ಹೋದ ಮೇಲೆ ದೋಫಿನಿ ತಂಗಿಯ ಮಗ ಯೆಜೂಮಾನನ್ನು ಕರೆಸಿದ. ಅವನು ಮದುವೆಯಾದ ಗಟ್ಟಿಯಾಳು. "ಬಾಯಿ ತೆಗಿ" ಎಂದು ಎತ್ತು ಕೊಳ್ಳುವವನಂತೆ ಅವನ ಹಲ್ಲು ನೋಡಿದ. ಆಮೇಲೆ ಹಗ್ಗ ಕೊಟ್ಟ.

ಯೆಜೂಮಾನ ಹೆಜ್ಜೆ ಒರಟು, ಹಿಡಿತ ಭದ್ರ. ಅವನು ನನ್ನನ್ನು ಕುಣಿಸುವಾಗೆಲ್ಲ ದೋಫಿನಿ ಗುಡಿಸಿಲಲ್ಲೇ ಉಳಿದುಬಿಡುತ್ತಿದ್ದ. ಊರೆಲ್ಲ ಸುತ್ತಿ, ಸತ್ತವನನ್ನು ಗಡಿ ದಾಟಿಸಿ ಬಂದೆವು. ಹಾನ್ತಾ ಗಂಟು ಕಟ್ಟಿ ಸಿದ್ಧವಾಗಿದ್ದಳು. ಕೂಸು ಹುಟ್ಟುವ ಮೊದಲೇ ತಲುಪಿದಳಂತೆ.

ಕೊನೆಗೆ ಕೆಸರಿಗೂ ಬಗ್ಗದ ಹುಳು ನನ್ನನ್ನು ಹಿಡಿಯಿತು. ಹೊಸ ಮುಖವಾಡ ಕೆತ್ತಿಸಿದರು. ಮತ್ತೆ ಕೋಳಿ ಕೊಯ್ದು, ಇನ್ನು ಆ ಹೊಸ ಮರದೊಳಗೆ ಹೋಗಪ್ಪ ಎಂದು ಕೋಣವನ್ನು ಬೇಡಿಕೊಂಡರು. ಹೋಯಿತೋ ಏನೋ, ನಾನಂತೂ ಹಗುರಾದೆ. ಯಾರ ಸಾವೂ ಇನ್ನು ನನ್ನ ಮೇಲಿಲ್ಲ. ಈಗ ದೋಫಿನಿಯ ಗುಡಿಸಿಲ ಮೂಲೆಯಲ್ಲಿದ್ದೇನೆ. ಪುಡಿ ಉದುರುತ್ತದೆ. ನೋವಿಲ್ಲ.

ಹೊಸ ಕೋಣ ಮೊದಲು ಕುಣಿದ ದಿನ ದೋಫಿನಿ ಮುದುಕರ ಜೊತೆ ನೆರಳಲ್ಲಿ ಕೂತು ನೋಡಿದನಂತೆ. ಅದುವರೆಗೆ ಕೋಣವನ್ನು ಅವನು ಹೊರಗಿನಿಂದ ನೋಡಿರಲಿಲ್ಲ. ಬಂದು ನನ್ನ ಪಕ್ಕದ ಚಾಪೆಯ ಮೇಲೆ ಉರುಳಿಕೊಂಡ.

"ಇಷ್ಟು ಭಯ ಆಗುತ್ತೆ ಅಂತ ಗೊತ್ತಿರಲಿಲ್ಲ ಕಣೋ" ಎಂದ. ಬೊಚ್ಚುಬಾಯಿ ಬಿಟ್ಟು ನಕ್ಕು, ನಿದ್ದೆಹೋದ.