ಜಯದೇವಿಯ ಎಡಗೈ

"ಜ್ವಾಕಿಲೆ, ಜೋರು ಮಾಡಬ್ಯಾಡೋ," ಅಂದ ನೀಲಕಂಠ.

ಕಮಲಾಪುರದ ಹೊಲದ ಬದುವಿನಲ್ಲಿ ತೋಡಿದ ಕುಣಿಯೊಳಗೆ ತೀರಿಹೋದ ಅವನ ಅಕ್ಕ ಜಯದೇವಿಯನ್ನು ಕೂರಿಸಿಯಾಗಿತ್ತು. ಅವಳ ಮಗ ಶಿವಲಿಂಗ ಕೆಳಗಿಳಿದು ತಾಯಿಯ ಎಡಗೈ ತಿರುಗಿಸುತ್ತಿದ್ದ. ಅಂಗೈ ಮೇಲಾಗಬೇಕು, ಅದರಲ್ಲಿ ಅವಳ ಇಷ್ಟಲಿಂಗ ಇಡಬೇಕು. ಮಣಿಕಟ್ಟು ಅರ್ಧಕ್ಕೆ ಬಂದು ನಿಲ್ಲುತ್ತಿತ್ತು.

"ಸೆಟದದೇನಪಾ," ಅಂದರು ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು.

"ಇಲ್ರಿ, ಬಲಗೈ ಸಲೀಸ ತಿರಗತದ. ಇದು ಹಳೀ ಪೆಟ್ಟು. ನಾ ಹುಟ್ಟೂ ಮೊದಲ ಬಿದ್ದಿದ್ದಳಂತ."

ಮೇಲೆ ನಿಂತಿದ್ದ ದಾಯಾದಿ ಸೂಗಪ್ಪ ಗೊಣಗಿದ. "ಎಲುಬು ಕಟ್ಟೋ ತಮ್ಮ ಮನ್ಯಾಗೇ ಇದ್ದ. ತೋರಸ್ಬೇಕಿಲ್ಲ? ಮೊದಲಿಂದ ಮೊಂಡು ಹೆಣ್ಮಗಳು. ಈಗ ನೋಡು, ಲಿಂಗ ಸೈತ ನಿಲ್ಲವಲ್ದು."

ನೀಲಕಂಠ ಆ ಮಣಿಕಟ್ಟನ್ನೇ ನೋಡಿದ.

*

ಅಕ್ಕ ಬಿದ್ದಾಗ ನೀಲಕಂಠನಿಗೆ ಹತ್ತೊಂಬತ್ತು. ಅಪ್ಪನಿಂದ ಎಲುಬು ಕಟ್ಟುವ ಕಸುಬು ಕಲಿತು ಇನ್ನೂ ಆರು ತಿಂಗಳು. ಬಾವಿಯ ಮೆಟ್ಟಿಲಲ್ಲಿ ಜಾರಿಬಿದ್ದ ಅಕ್ಕ, "ನೀನೇ ಕಟ್ಟು," ಅಂತ ಕೈ ಚಾಚಿದಳು. ಬಿದಿರು ದಬ್ಬೆ, ತತ್ತಿಯ ಲೋಳೆ, ಹಳೇ ಧೋತರದ ಪಟ್ಟಿ. ತಿಂಗಳ ಮೇಲೆ ಬಿಚ್ಚಿದರೆ ಅಂಗೈ ನೆಲ ನೋಡುತ್ತಲೇ ಉಳಿದಿತ್ತು.

ಕಲಬುರಗಿಗೆ ಕರೆದುಕೊಂಡು ಹೋದ. ಡಾಕ್ಟರು ಎಕ್ಸ್‌ರೇ ಫೋಟೊವನ್ನು ಬೆಳಕಿಗೆ ಹಿಡಿದರು.

"ಮಣಿಕಟ್ಟಿನಾಗ ಎಂಟು ಸಣ್ಣೆಲುಬು, ಎರಡು ಸಾಲು. ಅವು ನೆಟ್ಟಗವ. ಮುಂಗೈ ಎಲುಬಿನ ತುದಿ ಸೊಟ್ಟ ಕೂತದ. ಕಟ್ಟಿದಾಂವ ಯಾಂವ?"

ಹುಣಸೆಬೀಜದಂಥ ಆ ಎಂಟು ಎಲುಬು ಅಲ್ಲಿವೆ ಅನ್ನೋದೇ ನೀಲಕಂಠನಿಗೆ ಗೊತ್ತಿರಲಿಲ್ಲ. ನಾನೇ ಅನ್ನಲು ಬಾಯಿ ತೆರೆದ.

"ಯಾರೂ ಕಟ್ಟಿಲ್ರಿ," ಅಂದಳು ಜಯದೇವಿ. "ನಾನೇ ಹಂಗೇ ಬಿಟ್ಟೆ."

ವಾಪಸು ಬರುವಾಗ ಬಸ್ಸಿನಲ್ಲಿ ಅವನ ಮುಖ ನೋಡದೆ ಹೇಳಿದಳು. "ಊರಾಗ ಬಾಯಿ ಬಿಟ್ಟಿ ಅಂದ್ರ ನಿನ್ನ ಹತ್ರ ಯಾರ ಬರ್ತಾರ? ಸುಮ್ನಿರು."

ಅಂದಿನಿಂದ ಯಾರೂ ನೋಡದಂತೆ ಬಾಗಿಲು ಮುಚ್ಚಿಕೊಂಡು, ಎಡಗೈಯ ಬದಲು ಬಲ ಅಂಗೈಯಲ್ಲಿ ಲಿಂಗ ಇಟ್ಟು ಪೂಜೆ ಮಾಡಿದಳು. ನಲವತ್ತು ವರ್ಷ.

*

"ಕಟ್ಟಿದಾಂವ ನಾ," ಅಂದ ನೀಲಕಂಠ.

"ಏನಂದಿ ಮಾಮಾ?"

"ಅಕ್ಕ ಮೊಂಡಾಕಿ ಅಲ್ಲ. ನನ್ನ ಕಡೀಗೇ ಬಂದಿದ್ದಳು. ಎಲುಬು ತಪ್ಪು ಕೂಡಿಸಿದೆ. ನನ್ನ ಹೆಸರು ಉಳೀಲಿ ಅಂತ ಸುಳ್ಳು ಹೇಳಿದಳು."

ಅವನು ಕುಣಿಗಿಳಿದ. ಮಣಿಕಟ್ಟು ಮುಟ್ಟಲಿಲ್ಲ, ಮೊಣಕೈ ಹಿಡಿದು ಎದೆಯ ಹತ್ತಿರಕ್ಕೆ ತಂದ. ಅಂಗೈ ತುಸು ಮೇಲಾಯಿತು. ಉಳಿದ ಓರೆಗೆ ತನ್ನ ಅಂಗೈ ಆನಿಸಿದ. ಅಯ್ಯನವರು ಲಿಂಗ ಇಟ್ಟರು. ಶಿವಲಿಂಗ ವಿಭೂತಿ ಗಟ್ಟಿಗಳನ್ನು ಒಂದೊಂದಾಗಿ ಆ ಕೈಗೆ ಆಸರೆಯಾಗಿ ಕೆಳಗೆ ಜೋಡಿಸತೊಡಗಿದ.

ಮೇಲೆ, ಟಂಟಂ ಓಡಿಸುವ ಕರೀಂಸಾಬ್, ಹೋದ ವರ್ಷ ನೀಲಕಂಠ ಕಟ್ಟಿದ್ದ ತನ್ನ ಕೈಯನ್ನು ಮೆಲ್ಲಗೆ ಅಂಗಾತ ಮಾಡಿದ, ಬೋರಲು ಮಾಡಿದ. ಅವನ ಪಕ್ಕ ಸೂಗಪ್ಪನೂ ಟವೆಲ್ಲಿನ ಮರೆಯಲ್ಲಿ, ಎಂದೋ ಕಟ್ಟಿಸಿಕೊಂಡಿದ್ದ ತನ್ನ ಕೈ ತಿರುಗಿಸಿ ನೋಡಿಕೊಂಡ.