ಇದ್ದಿಲ ಗೆರೆ

ನೆಂಟರಲ್ಲಿ ಕೊನೆಯವರೂ ಹೊರಟುಹೋದ ಮಾರನೆಯ ಬೆಳಿಗ್ಗೆ ಮನೆ ಏನೂ ಆಗದ ಹಾಗೆ ಎದ್ದಿತು. ನಲ್ಲಿಯಲ್ಲಿ ನೀರು ಬಂತು. ಎದುರು ಮನೆಯ ಸ್ಕೂಟರ್ ಎಂದಿನಂತೆ ಕೆಮ್ಮಿ ಕೆಮ್ಮಿ ಹೊರಟಿತು. ಅವಳು ಒಲೆ ಹಚ್ಚಿ, ಅದರ ಮೇಲೆ ಏನಿಡಬೇಕೆಂಬುದನ್ನು ಮರೆತು, ಉರಿಯನ್ನೇ ನೋಡುತ್ತ ನಿಂತಿದ್ದಳು. ಆಗ ಹಾಲ್‌ನಿಂದ ಗಂಡ ಕೇಳಿದ: "ಟೀ ಆಯ್ತಾ?"

"ಆಯ್ತು, ಬಂದೆ," ಅಂದಳು.

ಅಂದ ಮೇಲೆ ಕೈ ನಿಂತಿತು. ಗಂಡನ ಅಂತ್ಯಕ್ರಿಯೆ ಆಗಿಹೋಗಿತ್ತು. ಸಂಜೆ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತಿದ್ದವನು ಕೂತಲ್ಲೇ ಹೋಗಿದ್ದ. ಪಕ್ಕದವರು ನಿದ್ದೆ ಹೋಗಿದ್ದಾನೆಂದು ತಿಳಿದು ಅವನ ತಲೆಗೆ ಭುಜ ಕೊಟ್ಟು ಕೂತಿದ್ದರಂತೆ. ಹೃದಯ ಅಂದರು ಆಸ್ಪತ್ರೆಯಲ್ಲಿ. ಹಾಲ್‌ನಲ್ಲಿ ಈಗ ಕೂಗಿದ್ದು ಮಾವ. ಅಪ್ಪ ಮಗನ ಮುಖಕ್ಕೆ ಅಷ್ಟೇನೂ ಹೋಲಿಕೆಯಿರಲಿಲ್ಲ. ದನಿಯೂ ಒಂದೇ ಎಂದು ಅವಳಿಗೆ ಇಷ್ಟು ವರ್ಷ ಅನ್ನಿಸಿರಲಿಲ್ಲ, ಏಕೆಂದರೆ ಮಗ ಓದಿ ಓದಿ ಮಾತಾಡುವ ರೀತಿಯನ್ನೇ ಬೇರೆ ಮಾಡಿಕೊಂಡಿದ್ದ. ನಡುವೆ ಗೋಡೆ ಇದ್ದಾಗ ಮಾತ್ರ ಇಬ್ಬರೂ ಒಬ್ಬರೇ.

ಟೀ ತೆಗೆದುಕೊಂಡು ಹೋದಳು. ಮಾವ ಮುಂಬಾಗಿಲನ್ನು ಕೀಲಿನಿಂದ ಬಿಚ್ಚಿ ನೆಲದ ಮೇಲೆ ಅಡ್ಡ ಮಲಗಿಸಿದ್ದರು. ಅವರು ಬಡಗಿ. ಬಾಗಿಲು ನೆಲಕ್ಕೆ ಉಜ್ಜುತ್ತಿತ್ತು. ಬಂದ ದಿನದಿಂದ ಆ ಸದ್ದು ಅವರ ಕಿವಿ ಕೊರೆಯುತ್ತಿತ್ತು. ಎಲ್ಲರೂ ಹೋದ ಮೇಲೂ ಅವರು ಉಳಿದದ್ದಕ್ಕೆ ಕೊಟ್ಟ ಕಾರಣ ಅದೊಂದೇ: ಬಾಗಿಲು ಸರಿ ಮಾಡಿ ಸಂಜೆ ಗಾಡಿಗೆ ಹೋಗ್ತೀನಿ.

"ಇಷ್ಟು ದಿನ ಹೇಗಮ್ಮ ತಡ್ಕೊಂಡಿದ್ರಿ ಇದನ್ನ? ಇಬ್ರೂ ಡಾಕ್ಟರೇಟು. ಬಾಗಿಲು ಮಾತ್ರ ದನದ ಹಾಗೆ ಅರಚ್ತದೆ."

"ಅಭ್ಯಾಸ ಆಗಿತ್ತು ಮಾವ."

ಅಭ್ಯಾಸವಲ್ಲ. ಆ ಉಜ್ಜುವ ಸದ್ದು ಕೇಳಿದರೆ ಗಂಡ ಬಂದನೆಂದು ಅರ್ಥ. ಅದನ್ನು ಅವಳು ಹೇಳಲಿಲ್ಲ.

ಮಾವ ಬೆರಳ ಗೆಣ್ಣಿನಿಂದ ಮರದ ಮೇಲೆ ಟಕ್ ಟಕ್ ಎಂದು ಎರಡು ಸಲ ಬಡಿದರು. ಕೆಲಸ ಹಿಡಿಯುವ ಮೊದಲು ಮರ ಗಟ್ಟಿಯೋ ಟೊಳ್ಳೋ ನೋಡುವ ಅಭ್ಯಾಸ ಅದು. ಏನಾದರೂ ಖಡಕ್ಕಾಗಿ ಹೇಳುವ ಮೊದಲೂ ಹಾಗೇ ಬಡಿಯುತ್ತಿದ್ದರು, ಮೇಜೋ ಕುರ್ಚಿಯೋ ಕೈಗೆ ಸಿಕ್ಕಿದ್ದರ ಮೇಲೆ. ಆ ಸದ್ದನ್ನು ಅವಳು ಬೆಳಕು ಹರಿಯುವಾಗಲೂ ಕೇಳಿದ್ದಳು. ಆಗ ಮಾವ ಗೊರಕೆ ಹೊಡೆಯುತ್ತಿದ್ದರು.

"ಇದು ನನ್ನ ದಾರದ ಗೆರೆ," ಅಂದರು ಮಾವ. ಅವರ ಕಣ್ಣು ಬಾಗಿಲ ಮೇಲಿರಲಿಲ್ಲ, ನೆಲದ ಮೇಲಿತ್ತು.

ಹಾಲ್‌ನ ಈ ಗೋಡೆಯಿಂದ ಆ ಗೋಡೆಗೆ ಕಪ್ಪಗೆ ಒಂದು ನೇರ ಗೆರೆ. ಎಷ್ಟು ಒರೆಸಿದರೂ ಹೋಗಿರಲಿಲ್ಲ. ಟೈಲ್ಸಿನ ಸಂದಿನಲ್ಲಿ ಕೂತುಬಿಟ್ಟಿತ್ತು. ಬಡಗಿಗಳು ಹಲಗೆಯ ಮೇಲೆ ಗೆರೆ ಹೊಡೆಯುವ ದಾರದ ಡಬ್ಬಿಯಿಂದ ಬಿದ್ದದ್ದು. ಡಬ್ಬಿಯೊಳಗೆ ಇದ್ದಿಲ ಪುಡಿ, ಪುಡಿಯಲ್ಲಿ ಹೊರಳಿದ ದಾರ. ಎಳೆದು ಬಿಗಿ ಹಿಡಿದು ಒಮ್ಮೆ ಮೀಟಿ ಬಿಟ್ಟರೆ ಗೆರೆ. ಆ ಡಬ್ಬಿಯನ್ನು ಗಂಡ ಅಪ್ಪನಿಂದ ಎರವಲು ತಂದಿದ್ದ, ತಾನು ರಾಜಕೀಯ ಪಾಠ ಮಾಡುವ ತರಗತಿಗೆ ಬೇಕೆಂದು. ಪೇಟೆಯಲ್ಲಿ ಬಣ್ಣದ ಪುಡಿಯ ಹೊಸ ಡಬ್ಬಿಗಳೇ ಸಿಗುತ್ತಿದ್ದವು. "ಯಾವ ಬಣ್ಣ ಹಾಕಿದ್ರೂ ಅದು ಯಾವುದಾದ್ರೂ ಪಕ್ಷದ್ದಾಗತ್ತೆ ಕಣೆ. ಅಪ್ಪನ ಇದ್ದಿಲೇ ವಾಸಿ," ಅಂದಿದ್ದ.

"ಯೂನಿವರ್ಸಿಟೀಲಿದೆ ಡಬ್ಬಿ," ಅಂದಳು. "ಇವತ್ತು ತಂದ್ಕೊಡ್ತೀನಿ."

"ಡಬ್ಬಿ ಹಾಳಾಗ್ಲಿ." ಮಾವ ಮತ್ತೆ ಟಕ್ ಟಕ್ ಬಡಿದರು. "ಒಂದು ಮಾತು ಕೇಳ್ತೀನಿ. ನೀನು ಅವನ ಜೊತೆಗಿದ್ದೋಳು, ನಿಂಗೆ ಗೊತ್ತಿರತ್ತೆ. ಕೊನೇವರೆಗೂ ಅವನು ನನ್ನ ದಡ್ಡ ಅಂತಲೇ ತಿಳ್ಕೊಂಡಿದ್ನಾ?"

ಅವಳು ಟೀ ಲೋಟವನ್ನು ಅವರ ಪಕ್ಕ ನೆಲದ ಮೇಲಿಟ್ಟಳು.

ಆ ಪ್ರಶ್ನೆ ಹುಟ್ಟಿದ್ದು ಮಾವನ ಮನೆಯಲ್ಲಿ ಊಟಕ್ಕೆ ಕೂತಾಗ ಆದ ಜಗಳದಲ್ಲಿ. ಕಟ್ಟಡ ಕೆಲಸಕ್ಕೆ ಹೊರಗಿನಿಂದ ಬಂದು ನೆಲೆಸಿದವರಿಗೆ ಇಲ್ಲಿ ಮತ ಹಾಕುವ ಹಕ್ಕು ಕೊಡಬೇಕೋ ಬೇಡವೋ ಎಂಬ ಗದ್ದಲ ಎಲ್ಲೆಲ್ಲೂ ಎದ್ದಿದ್ದ ಕಾಲ. ಕೊಡಬೇಕು ಅಂದ ಮಗ. ಕೂಡದು ಅಂದರು ಅಪ್ಪ. ಮಾತಿಗೆ ಮಾತು ಬೆಳೆದು ಕೊನೆಗೆ ಮಗ, "ನೀವು ಓದಿದ್ರೆ ಹೀಗೆ ಮಾತಾಡ್ತಿರ್ಲಿಲ್ಲ ಅಪ್ಪ," ಅಂದುಬಿಟ್ಟ. ಅಪ್ಪ ತಟ್ಟೆ ಸರಿಸಿ, "ಆಯ್ತು ಮೇಷ್ಟ್ರೇ," ಅಂದು ಎದ್ದುಹೋದರು. ಆಮೇಲೆ ಇಬ್ಬರ ನಡುವೆ ಮಾತಿಲ್ಲ. ಡಬ್ಬಿ ವಾಪಸ್ ಕೊಟ್ಟು ಬನ್ನಿ ಎಂದು ಅವಳು ಎಷ್ಟೋ ಸಲ ಹೇಳಿದ್ದಳು. ಕೊಡೋಕೆ ಹೋದರೆ ಮತ್ತೆ ಅದೇ ಪುರಾಣ ಶುರುವಾಗುತ್ತೆ ಎಂದು ಅವನು ಮುಂದೂಡಿದ. ಮುಂದೂಡಿದ್ದು ಮುಂದೆಯೇ ಉಳಿಯಿತು.

"ಅವತ್ತು ಅವನ ಮಾತಿಗೆ ನೀನೂ ತಲೆ ಆಡಿಸ್ದೆ," ಅಂದರು ಮಾವ, ಮರ ಹೆರೆಯುವ ಕೀಸುಳಿಯನ್ನು ಕೈಗೆತ್ತಿಕೊಳ್ಳುತ್ತ.

"ಹೂಂ. ಆಡಿಸಿದೆ."

"ಹೋಗಿ ಬಾ. ನಾನು ಇದನ್ನ ಮುಗಿಸಿರ್ತೀನಿ."

ಅವಳು ಕೆಲಸ ಮಾಡುವುದೂ ಗಂಡ ಪಾಠ ಹೇಳುತ್ತಿದ್ದ ವಿಶ್ವವಿದ್ಯಾಲಯದಲ್ಲೇ, ಸಮೀಕ್ಷೆಯ ಕೋಣೆಯಲ್ಲಿ. ಜನ ಬಾಯಿಮಾತಿನಲ್ಲಿ ಕೊಟ್ಟ ಉತ್ತರಗಳಿಗೆ ಅಂಕಿ ಹಾಕುವುದು ಅವಳ ಕೆಲಸ. ಹೌದು ಅಂದರೆ ಒಂದು, ಇಲ್ಲ ಅಂದರೆ ಎರಡು. ಗೊತ್ತಿಲ್ಲ ಅಂದವರಿಗೆ ಒಂಬತ್ತು. ಲೆಕ್ಕ ಹಾಕುವ ಮೊದಲು ಒಂಬತ್ತುಗಳನ್ನೆಲ್ಲ ತೆಗೆದು ಪಕ್ಕಕ್ಕಿಡುತ್ತಾರೆ; ಅವರು ಇದ್ದೂ ಇಲ್ಲದವರು. ಗಂಡನ ಸಂಶೋಧನೆಗೂ ಅವಳೇ ಅಂಕಿ ಹಾಕಿದ್ದಳು. ಉನ್ನತ ಶಿಕ್ಷಣ ಜನರ ರಾಜಕೀಯ ನಿಲುವನ್ನು ಬದಲಿಸುತ್ತದೆಯೇ, ಅಥವಾ ಹೇಗೂ ಬದಲಾಗಲಿದ್ದವರೇ ಓದಲು ಬರುತ್ತಾರೆಯೇ? ಅವನ ಜೀವಮಾನದ ಪ್ರಶ್ನೆ ಅದು. ಜೀವಮಾನ ಇಷ್ಟೇ ಎಂದು ಯಾರಿಗೆ ಗೊತ್ತಿತ್ತು.

ತರಗತಿಯಲ್ಲಿ ಅವನು ಅಂಕಿಗಳನ್ನು ನಂಬುತ್ತಿರಲಿಲ್ಲ. ದಾರ ಹಿಡಿದು ಕೋಣೆಯ ಉದ್ದಕ್ಕೂ ನೆಲದ ಮೇಲೆ ಗೆರೆ ಹೊಡೆಯುತ್ತಿದ್ದ. ಬಾಗಿಲ ಕಡೆಯ ಗೋಡೆ ಎಂದರೆ ಪೂರ್ತಿ ಒಪ್ಪಿಗೆ; ಕಿಟಕಿ ಕಡೆಯ ಗೋಡೆ ಎಂದರೆ ಸುತರಾಂ ಇಲ್ಲ. ಒಂದು ಪ್ರಶ್ನೆ ಹಾಕಿ, ಮೊದಲು ನಿಮ್ಮ ಅಪ್ಪನೋ ಅಮ್ಮನೋ ಎಲ್ಲಿ ನಿಲ್ಲುತ್ತಿದ್ದರೋ ಅಲ್ಲಿ ನಿಲ್ಲಿ ಅನ್ನುತ್ತಿದ್ದ. ಆಮೇಲೆ, ನಿಮ್ಮ ಜಾಗಕ್ಕೆ ನಡೆಯಿರಿ. ಆ ನಡಿಗೆ ಎಷ್ಟು ಉದ್ದ ಎಂಬುದೇ ಪಾಠ. ಎಲ್ಲರದೂ ಆದ ಮೇಲೆ ತಾನೂ ತನ್ನ ಅಪ್ಪನ ಜಾಗವೆಂದು ಕಿಟಕಿಯ ಗೋಡೆಗೆ ಬೆನ್ನು ಹಚ್ಚಿ ನಿಂತು, ಅಲ್ಲಿಂದ ಬಾಗಿಲವರೆಗೆ ನಡೆದು ತೋರಿಸುತ್ತಿದ್ದ. ಇದನ್ನೆಲ್ಲ ಅವನು ಮನೆಯ ಹಾಲ್‌ನಲ್ಲೇ ಮೊದಲು ಅಭ್ಯಾಸ ಮಾಡಿದ್ದು.

ತರಗತಿಯ ಬೀಗ ತೆಗೆಯುತ್ತಿದ್ದಾಗ ಹಿಂದಿನಿಂದ ಯಾರೋ "ಮೇಡಂ" ಅಂದರು. ಅವನ ವಿದ್ಯಾರ್ಥಿನಿ. ಸಾಮಿಲ್ ಕಾರ್ಮಿಕನ ಮಗಳು. ಗೆರೆಯ ಮೇಲೆ ಎಲ್ಲರಿಗಿಂತ ದೂರ ನಡೆದವಳು ಎಂಬ ಕಾರಣಕ್ಕೆ ತರಗತಿ ಅವಳಿಗೆ ಉದ್ದಕಾಲಿ ಎಂದು ಹೆಸರಿಟ್ಟಿತ್ತು. ನಿಜಕ್ಕೂ ಹುಡುಗಿ ಗಿಡ್ಡ.

"ಡಬ್ಬಿ ಕಪಾಟಲ್ಲಿದೆ ಮೇಡಂ. ನಾನೇ ಎತ್ತಿಟ್ಟಿದ್ದು, ಸರ್ ಕೊನೇ ಕ್ಲಾಸಾದ ಮೇಲೆ." ಹುಡುಗಿ ಕಪಾಟು ತೆರೆದು, ಮತ್ತೆ ಮುಚ್ಚಿ, ಕೈ ಹಿಸುಕಿಕೊಂಡಳು. "ನಿಮಗೆ ಒಂದು ವಿಷಯ ಹೇಳ್ಬೇಕು ಅಂತಿದ್ದೆ. ಅವತ್ತು ಸರ್ ದಾಟ್ಲಿಲ್ಲ."

"ಏನು ದಾಟ್ಲಿಲ್ಲ?"

"ಅಪ್ಪನ ಜಾಗದಲ್ಲಿ ನಿಂತ್ರಲ್ಲ, ಅಲ್ಲೇ ಉಳಿದ್ರು. ಪ್ರಶ್ನೆ ಅದೇ, ಹೊರಗಿನ ಕೂಲಿಯವರ ಮತದ್ದು. ನಾವೆಲ್ಲ ನಡೆದು ಈ ಕಡೆ ಬಂದಿದ್ವಿ. ಸರ್ ಬರ್ಲೇ ಇಲ್ಲ. ಇಡೀ ಗಂಟೆ ಅಲ್ಲಿಂದಲೇ ಮಾತಾಡಿದ್ರು. ಆದ್ರೆ ಅದು ಸರ್ ಮಾತಾಡೋ ಥರ ಇರ್ಲಿಲ್ಲ ಮೇಡಂ. ಹೀಗೆ ಕಿಟಕಿ ಚೌಕಟ್ಟಿನ ಮೇಲೆ ಬಡಿದು..." ಹುಡುಗಿ ಕಪಾಟಿನ ಮೇಲೆ ಗೆಣ್ಣಿನಿಂದ ಬಡಿದಳು. ಟಕ್ ಟಕ್. "'ನೋಡಪ್ಪ, ಅವರು ಕೆಟ್ಟೋರು ಅಂತ ನಾನೆಲ್ಲಿ ಅಂದೆ? ಅವರು ಬಂದ್ರು, ನನ್ನ ಕೂಲಿ ಇಳೀತು. ಯಾವ ಪ್ರೊಫೆಸರ್ ಸಂಬಳ ಇಳೀತು, ಹೇಳು. ನಿನ್ನ ಔದಾರ್ಯಕ್ಕೆ ನನ್ನ ಜೇಬಿಗೆ ಯಾಕೆ ಕೈ ಹಾಕ್ತೀಯ?' ನಮ್ಮಪ್ಪನೇ ಬಂದು ನಿಂತ ಹಾಗಿತ್ತು. ಯಾರಿಗೂ ಉತ್ತರ ಹೊಳೀಲಿಲ್ಲ."

ಅವನು ಹೋಗುವುದಕ್ಕೆ ಮುಂಚಿನ ದಿನಗಳಲ್ಲಿ ಅವಳು ಅಡುಗೆಮನೆಯಲ್ಲಿದ್ದಾಗ ಹಾಲ್‌ನಿಂದ ಟಕ್ ಟಕ್ ಕೇಳಿಸುತ್ತಿತ್ತು, ಹಿಂದೆಯೇ ಮಾವನ ದನಿ. ಇಣುಕಿದರೆ ಗಂಡ ಒಬ್ಬನೇ ಇರುತ್ತಿದ್ದ. ತನ್ನ ಕಿವಿಯೇ ಕೆಟ್ಟಿದೆ ಅಂದುಕೊಂಡಿದ್ದಳು. ಅವನು ಅಭ್ಯಾಸ ಮಾಡುತ್ತಿದ್ದುದು ಈ ಪಾಠವನ್ನೇ. ಈ ಬೆಳಿಗ್ಗೆ ಮಾವ ಮಲಗಿದ್ದಾಗ ಕೇಳಿಸಿದ್ದು ಯಾವುದೆಂದು ಮಾತ್ರ ತಿಳಿಯಲಿಲ್ಲ.

"ಸರ್ ಬದಲಾಗಿಬಿಟ್ರು ಅಂತ ಕೆಲವ್ರು ಅಂದ್ರು," ಹುಡುಗಿ ದನಿ ತಗ್ಗಿಸಿದಳು. "ನಾನು ಹತ್ತಿರ ಹೋಗಿ ನೋಡ್ದೆ. ಗೋಡೆಗೆ ಕೈ ಕೊಟ್ಕೊಂಡಿದ್ರು. ತುಂಬಾ ಬೆವರ್ತಿದ್ರು. ಕುರ್ಚಿ ತರ್ಲಾ ಸರ್ ಅಂದೆ. ಬೇಡ, ನಾನಿಲ್ಲೇ ಇರ್ತೀನಿ ಅಂದ್ರು. ಮೇಡಂ, ನಾನು ಆಗಲೇ ಯಾರನ್ನಾದ್ರೂ ಕರೀಬೇಕಿತ್ತಾ?"

"ಇಲ್ಲ," ಅಂದಳು ಅವಳು. "ನೀನು ಹೋಗಮ್ಮ. ಇನ್ನೊಂದು ಕ್ಲಾಸಿರತ್ತಲ್ಲ."

ಹುಡುಗಿ ಹೋದ ಮೇಲೆ ಅವಳು ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು, ಗೆರೆ ಹಿಡಿದು ಕಿಟಕಿಯ ಕಡೆಗೆ ನಡೆದಳು. ಕಸ ಗುಡಿಸುವವರು ಗೆರೆಯನ್ನು ಅಳಿಸಿರಲಿಲ್ಲ. ಗೋಡೆಯ ಮೇಲೆ, ಅವನ ಎದೆಯ ಎತ್ತರಕ್ಕೆ, ಒಂದು ಕಪ್ಪು ಅಂಗೈ. ದಾರ ಹಿಡಿದ ಕೈಯಲ್ಲವೇ, ಇದ್ದಿಲು ಮೆತ್ತಿತ್ತು. ಬೆರಳುಗಳೆಲ್ಲ ಸ್ಪಷ್ಟವಾಗಿದ್ದವು. ಹಸ್ತದ ಬುಡ ಮಾತ್ರ ಕೆಳಕ್ಕೆ ಜಾರಿ ಮಸುಕಾಗಿತ್ತು, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟ ಹಾಗೆ.

ಅವಳು ಅದನ್ನು ಮುಟ್ಟಲಿಲ್ಲ. ಅಲ್ಲೇ ಗೋಡೆಗೆ ಬೆನ್ನು ಕೊಟ್ಟು ನಿಂತು ಎದುರಿನ ಗೋಡೆ ನೋಡಿದಳು. ಇಲ್ಲಿಂದ ಬಾಗಿಲು ದೂರವೇ ಇತ್ತು. ಎದೆನೋವಿನ ಮನುಷ್ಯನಿಗೆ ಇನ್ನೂ ದೂರ. ದಾಟಬಾರದೆಂದು ನಿಂತನೋ, ದಾಟಲಾರದೆ ನಿಂತನೋ? ಕೇಳಬಹುದಾಗಿದ್ದವನು ಒಬ್ಬನೇ. ಒಂದು ದಿನ ಒಬ್ಬ ಮನುಷ್ಯ ಎಲ್ಲಿ ನಿಂತ ಎಂಬುದರಿಂದ ಏನೂ ಸಾಬೀತಾಗುವುದಿಲ್ಲ ಎಂದು ಅವನೇ ಪ್ರತಿ ತರಗತಿಗೂ ಹೇಳುತ್ತಿದ್ದ.

ಮನೆಗೆ ಬಂದಾಗ ಬಾಗಿಲು ತನ್ನ ಜಾಗದಲ್ಲಿತ್ತು. ತಳ್ಳಿದಳು, ಸದ್ದೇ ಇಲ್ಲದೆ ತೆರೆದುಕೊಂಡಿತು. ಇನ್ನು ಮೇಲೆ ಈ ಮನೆಯೊಳಗೆ ಯಾರು ಬಂದರೂ ಅವಳಿಗೆ ಕೇಳಿಸುವುದಿಲ್ಲ.

ಮಾವ ಮರದ ಹೊಟ್ಟು ಗುಡಿಸಿ, ಚೀಲ ಕಟ್ಟಿ, ಗೆರೆಯ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವಳು ನಿಂತೇ ಹೇಳಿದಳು. ಬೆವರಿದ್ದೊಂದನ್ನು ಬಿಟ್ಟು, ಹುಡುಗಿ ಹೇಳಿದ್ದನ್ನು ಹೇಳಿದ ಹಾಗೇ ಹೇಳಿದಳು: ಅವರು ನಿಮ್ಮ ಜಾಗದಲ್ಲಿ ನಿಂತರು, ಚೌಕಟ್ಟು ಬಡಿದರು, ಮಾತು ಹೀಗೆ ಹೀಗೆ ಆಡಿದರು.

"ಜೇಬಿಗೆ ಕೈ ಹಾಕೋ ಮಾತೂ ಅಂದ್ನಾ?"

"ಅಂದ್ರಂತೆ."

"ಅದು ನಾನಂದಿದ್ದು." ಮಾವನ ಮುಖ ಒಂದು ಕ್ಷಣ ಅರಳಿ, ಅರಳಿದ್ದಕ್ಕೆ ನಾಚಿದ ಹಾಗೆ ಮುದುಡಿತು. "ಕಿವಿ ಮುಚ್ಕೊಂಡಿದಾನೆ ಅಂತ ನಾನು ತಿಳ್ಕೊಂಡಿದ್ದೆ. ಒಂದಕ್ಷರ ಬಿಡದೆ ಒಪ್ಪಿಸಿದಾನಲ್ಲ, ಕಳ್ಳ." ಆಮೇಲೆ ಮುಂದಕ್ಕೆ ಬಾಗಿದರು. "ಅಂದ್ರೆ ಒಪ್ಕೊಂಡ. ಹೌದು ತಾನೇ? ಕೊನೆಗೆ ನನ್ನ ಮಾತೇ ಸರಿ ಅಂತ ಆಯ್ತು ಅವನಿಗೆ."

ಒಂದು 'ಹೂಂ' ಸಾಕಿತ್ತು. ಮಾವ ಅದನ್ನು ಚೀಲದಲ್ಲಿ ಹಾಕಿಕೊಂಡು ಗಾಡಿ ಹತ್ತುತ್ತಿದ್ದರು. ಗಂಡ ಇಷ್ಟು ವರ್ಷ ಬರೆದದ್ದು, ನಂಬಿದ್ದು, ಅವಳೂ ನಂಬಿದ್ದು, ಆ ಹೂಂ ಒಳಗೆ ಮುಚ್ಚಿಹೋಗುತ್ತಿತ್ತು. ಇಲ್ಲ ಎನ್ನುವುದೂ ಸುಲಭವಿತ್ತು. ಬೆವರಿನ ಸಂಗತಿಯೊಂದನ್ನು ಹೇಳಿದರೆ ಸಾಕು.

"ಗೋಡೆ ಮೇಲೆ ಅವರ ಕೈ ಗುರುತಿದೆ ಮಾವ," ಅಂದಳು. "ಒರಗಿ ನಿಂತಿದ್ರು. ಆಗಲೇ ಮೈ ಸರಿಯಿರಲಿಲ್ಲ. ಅದಕ್ಕೇ ಅಲ್ಲಿ ಉಳಿದ್ರೋ, ನಿಮ್ಮ ಮಾತು ಒಪ್ಪಿ ಉಳಿದ್ರೋ, ನಂಗೆ ಗೊತ್ತಿಲ್ಲ."

ಮಾವ ಕಾಲ ಹೆಬ್ಬೆರಳಿನಿಂದ ನೆಲದ ಗೆರೆಯನ್ನು ಉಜ್ಜಿದರು.

"ಗೊತ್ತಿಲ್ಲ ಅಂದ್ರೆ, ಇಲ್ಲ ಅಂತೇನಲ್ಲ."

"ಅಲ್ಲ."

"ಹೌದು ಅಂತಲೂ ಅಲ್ಲ."

"ಅದೂ ಅಲ್ಲ ಮಾವ."

"ನೀನೇನಂತೀಯ ಈಗ, ಆ ಮತದ ವಿಷಯ?"

"ಕೊಡಬೇಕು ಅಂತೀನಿ."

"ಕೂಡದು ಅಂತೀನಿ ನಾನು," ಅಂದರು ಮಾವ. ಅಂದಾಗ ದನಿಯಲ್ಲಿ ಸಿಟ್ಟಿರಲಿಲ್ಲ. "ಆದ್ರೆ ದಡ್ಡನ ಮಾತನ್ನ ಯಾರೂ ಅಷ್ಟು ಬಾಯಿಪಾಠ ಮಾಡಲ್ಲಮ್ಮ."

ಅದಕ್ಕೆ ಅವಳು ಹೂಂ ಅಂದಳು.

ಕುರ್ಚಿಯ ತೋಳಿನ ಮೇಲೆ ಟಕ್ ಟಕ್ ಸದ್ದಾಯಿತು. ಅವಳು ಮಾವನ ಕೈ ನೋಡಿದಳು. ಅವರೇ ಬಡಿದಿದ್ದರು. ಅಷ್ಟನ್ನು ಕಣ್ಣಾರೆ ಕಂಡುಕೊಂಡ ಮೇಲೆ ತನ್ನ ಚೀಲದಿಂದ ಡಬ್ಬಿ ತೆಗೆದಳು. ದಾರದ ತುದಿ ಸ್ವಲ್ಪ ಹೊರಗೆ ಜೋತುಬಿದ್ದಿತ್ತು. ಅದನ್ನು ಬೆರಳಿಗೆ ಸುತ್ತಿ ಒಳಗೆ ತಳ್ಳಿದಳು. ಬೆರಳು ಕಪ್ಪಾಯಿತು.

"ಬೇಕಾದ್ರೆ ನೀನೇ ಇಟ್ಕೋ," ಅಂದರು ಮಾವ, ಕೈ ಚಾಚದೆ.

"ಬೇಡ. ಎರವಲು ತಂದಿದ್ದು," ಅಂದು ಅವಳು ಗೆರೆ ದಾಟಿ ಹೋಗಿ, ಡಬ್ಬಿಯನ್ನು ಅವರ ಅಂಗೈಯಲ್ಲಿಟ್ಟಳು.